ಕೆಲಸಕ್ಕೆ ಬಾರದ ನಕಲಿನಿಂದ ಬಂದ ಮದ್ದು

ಕೇಳುಗರಿಗೆ ನಮಸ್ಕಾರ.

ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಚುಟುಕಾಗಿ ಎಸ್‌ಎಂಎ, ಸ್ನಾಯುಗಳು ಸೊರಗುತ್ತ ಹೋಗುವ ಆನುವಂಶಿಕ ಕಾಯಿಲೆ. ಇದರ ತೀವ್ರ ರೂಪವಿರುವ ಮಗು ಹುಟ್ಟಿದ ಹೊಸತರಲ್ಲಿ ಬಹುಮಟ್ಟಿಗೆ ಎಲ್ಲ ಮಕ್ಕಳಂತೆಯೇ ಕಾಣುತ್ತದೆ. ಆಮೇಲೆ ಕತ್ತು ನಿಲ್ಲುವುದಿಲ್ಲ, ಕಾಲು ಬಡಿಯುವುದು ಕಡಿಮೆಯಾಗುತ್ತದೆ, ಹಾಲು ನುಂಗುವುದೂ ಕಷ್ಟವಾಗುತ್ತದೆ. ಮದ್ದಿಲ್ಲದ ಕಾಲದಲ್ಲಿ ಇಂಥ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು, ಇಲ್ಲವೇ ಉಸಿರಾಟದ ಯಂತ್ರವನ್ನೇ ನೆಚ್ಚಿಕೊಳ್ಳಬೇಕಿತ್ತು.

1995ರಲ್ಲಿ ಪ್ಯಾರಿಸ್‌ನ ಜುಡಿತ್ ಮೆಲ್ಕಿ ಅವರ ತಂಡ 5ನೇ ವರ್ಣತಂತುವಿನಲ್ಲಿ ಈ ಕಾಯಿಲೆಯ ಜೀನನ್ನು ಪತ್ತೆಹಚ್ಚಿತು. ಹೆಸರು ಎಸ್‌ಎಂಎನ್1. ಸ್ನಾಯುಗಳನ್ನು ಆಡಿಸುವ ಬೆನ್ನುಹುರಿಯ ನರಕೋಶಗಳು ಬದುಕಿರಲು ಇದರ ಪ್ರೋಟೀನು ಬೇಕೇ ಬೇಕು. ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ, ಎರಡೂ ಕೆಟ್ಟಿದ್ದರೆ ಕಾಯಿಲೆ. ಆದರೆ ಹತ್ತಿರದಲ್ಲೇ ಅದರ ಪಡಿಯಚ್ಚಿನಂಥ ಇನ್ನೊಂದು ಜೀನು ಸಿಕ್ಕಿತು, ಎಸ್‌ಎಂಎನ್2. ಅದು ರೋಗಿಗಳಲ್ಲೂ ಇರುತ್ತದೆ. ಹಾಗಿದ್ದ ಮೇಲೆ ಅದೇಕೆ ಕೈಹಿಡಿಯುವುದಿಲ್ಲ?

ತೊಡಕು ಎಸ್‌ಎಂಎನ್2ರ 7ನೇ ಎಕ್ಸಾನಿನ, ಅಂದರೆ ಜೀನಿನಲ್ಲಿ ಉಳಿಸಿಕೊಳ್ಳಬೇಕಾದ 7ನೇ ತುಂಡಿನ, 6ನೇ ಡಿಎನ್‌ಎ ಅಕ್ಷರದಲ್ಲಿತ್ತು. ಅಲ್ಲಿ ಸಿ ಬದಲು ಟಿ. ಟಿಟಿಸಿ ಹೋಗಿ ಟಿಟಿಟಿ ಆಗಿದೆ, ಅಷ್ಟೇ. ಎರಡೂ ಸೂಚಿಸುವುದು ಫಿನೈಲ್‌ಅಲನೀನ್ ಎಂಬ ಒಂದೇ ಅಮೈನೋ ಆಮ್ಲವನ್ನು, ಅಂದರೆ ಪ್ರೋಟೀನಿನ ಒಂದೇ ಬಿಡಿಭಾಗವನ್ನು. ಮೇಲ್ನೋಟಕ್ಕೆ ಏನೇನೂ ಕೆಟ್ಟಿಲ್ಲ. ಆದರೆ ಕೋಶವು ಜೀನಿನಿಂದ ಬರೆದುಕೊಂಡ ಆರ್‌ಎನ್‌ಎ ಪ್ರತಿಯನ್ನು ಕತ್ತರಿಸಿ ಜೋಡಿಸುವಾಗ, ಈ ಒಂದು ಅಕ್ಷರದ ದೆಸೆಯಿಂದ 7ನೇ ತುಂಡನ್ನು ಗುರುತಿಸದೆ ಬಿಟ್ಟುಬಿಡುತ್ತದೆ. ಹತ್ತರಲ್ಲಿ ಒಂದು ಪ್ರತಿ ಮಾತ್ರ ಸರಿಯಾಗಿ ಬರುತ್ತದೆ. ಇದು ತಿಳಿದದ್ದು 1999ರಲ್ಲಿ. ಆಗ ಯಾರ ಕೈಯಲ್ಲೂ ಮದ್ದಿರಲಿಲ್ಲ. ಆದರೂ ನನ್ನ ಲೆಕ್ಕದಲ್ಲಿ ಮದ್ದು ಹುಟ್ಟಿದ್ದು ಅಲ್ಲಿಯೇ.

2006ರಲ್ಲಿ ರವೀಂದ್ರ ಸಿಂಗ್ ಮತ್ತು ಸಂಗಡಿಗರು ಆ ತುಂಡಿನ ಪಕ್ಕದ ಇಂಟ್ರಾನಿನಲ್ಲಿ, ಅಂದರೆ ಹೇಗೂ ಕತ್ತರಿಸಿ ಎಸೆಯುವ ಭಾಗದಲ್ಲಿ, 15 ಅಕ್ಷರಗಳ ಒಂದು ತಡೆಯನ್ನು ಕಂಡರು. ಅಲ್ಲಿ ಕೆಲವು ಪ್ರೋಟೀನುಗಳು ಬಂದು ಕೂತು 7ನೇ ತುಂಡನ್ನು ಮರೆಮಾಡುತ್ತವೆ. ಆ ಜಾಗವನ್ನು ಮುಚ್ಚಿದರೆ ತುಂಡು ಮತ್ತೆ ಸೇರಿಕೊಳ್ಳುತ್ತದೆ. ಹಾಗೆ ಮುಚ್ಚಲೆಂದು ವಿಜ್ಞಾನಿ ಏಡ್ರಿಯನ್ ಕ್ರೈನರ್ ಅವರ ಪ್ರಯೋಗಾಲಯವೂ ಅಯೋನಿಸ್ ಎಂಬ ಔಷಧ ಕಂಪನಿಯೂ ಸೇರಿ ರೂಪಿಸಿದ 18 ಅಕ್ಷರಗಳ ಪಟ್ಟಿಯೇ ನುಸಿನರ್ಸೆನ್ ಎಂಬ ಮದ್ದು. ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು 2016ರ ಡಿಸೆಂಬರಿನಲ್ಲಿ.

ಬರೀ ಅಕ್ಷರ ಜೋಡಿಸಿದರೆ ಸಾಲದು. ಮೈಯೊಳಗಿನ ಕಿಣ್ವಗಳು ಅದನ್ನು ಬೇಗನೆ ತುಂಡರಿಸುತ್ತವೆ. ಅದಕ್ಕೇ ಬೆನ್ನೆಲುಬಿನಂತಿರುವ ಫಾಸ್ಫೇಟಿನಲ್ಲಿ ಒಂದು ಆಮ್ಲಜನಕದ ಜಾಗಕ್ಕೆ ಗಂಧಕ ಹಾಕಿ, ಸಕ್ಕರೆಯ ಭಾಗವನ್ನೂ ಮಾರ್ಪಡಿಸಿದ್ದಾರೆ. ರಕ್ತಕ್ಕೆ ಚುಚ್ಚಿದರೆ ಅದು ಮಿದುಳು, ಬೆನ್ನುಹುರಿಗಳನ್ನು ತಲುಪದು. ಹಾಗಾಗಿ ಸೊಂಟದ ಬಳಿ ಸೂಜಿ ಚುಚ್ಚಿ 5 ಮಿಲಿಲೀಟರ್ ಬೆನ್ನುಹುರಿ ದ್ರವ ತೆಗೆದು, ಅಷ್ಟೇ ಪ್ರಮಾಣದ ಮದ್ದನ್ನು 1ರಿಂದ 3 ನಿಮಿಷಗಳಲ್ಲಿ ನಿಧಾನವಾಗಿ ತುಂಬುತ್ತಾರೆ. ಮೊದಲು ಒಪ್ಪಿಗೆ ಪಡೆದ ಕ್ರಮದಲ್ಲಿ ಒಂದು ಸಲಕ್ಕೆ 12 ಮಿಲಿಗ್ರಾಂ. ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ, ಆಮೇಲೆ ನಾಲ್ಕು ತಿಂಗಳಿಗೊಮ್ಮೆ. ಬೆನ್ನು ತೀರಾ ಬಾಗಿದವರಲ್ಲಿ ಸೂಜಿಗೆ ದಾರಿ ಸಿಗುವುದೇ ಕಷ್ಟ. ಇದೇ ತಪ್ಪು ಜೋಡಣೆಯನ್ನು ಸರಿಪಡಿಸುವ, ಬಾಯಿಯಿಂದ ಕೊಡುವ ರಿಸ್ಡಿಪ್ಲಾಮ್ 2020ರಲ್ಲಿ ಬಂತು.

ಆದರೆ ಸತ್ತ ನರಕೋಶವನ್ನು ಯಾವ ಮದ್ದೂ ಎಬ್ಬಿಸಲಾರದು. ಲಕ್ಷಣ ಕಾಣುವ ಮುಂಚೆ ಶುರುಮಾಡಿದ ಮಕ್ಕಳಲ್ಲಿ ಅನೇಕರು ಕೂತಿದ್ದಾರೆ, ನಡೆದಿದ್ದಾರೆ. ಅದಕ್ಕೇ ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯ ಪರೀಕ್ಷೆಗೆ ಇಷ್ಟು ಬೆಲೆ. ಎಸ್‌ಎಂಎನ್1ರ 7ನೇ ತುಂಡು ಇದೆಯೋ ಇಲ್ಲವೋ ಎಂದಷ್ಟೇ ಅದು ನೋಡುತ್ತದೆ. ಕೊರತೆ ಕಂಡರೆ ಎಸ್‌ಎಂಎನ್2ರ ಪ್ರತಿಗಳು ಎಷ್ಟಿವೆ ಎಂದು ಎಣಿಸುತ್ತಾರೆ. ಪ್ರತಿಗಳು ಹೆಚ್ಚಿದ್ದಷ್ಟೂ ಕಾಯಿಲೆ ಸಾಮಾನ್ಯವಾಗಿ ಸೌಮ್ಯ. ರೋಗಿಗಳಲ್ಲಿ ಸುಮಾರು 5 ಶೇಕಡ ಮಂದಿಗೆ ಎಸ್‌ಎಂಎನ್1ರ ಒಂದು ಪ್ರತಿಯಲ್ಲಿ ಆ ತುಂಡು ಇಲ್ಲ, ಇನ್ನೊಂದರಲ್ಲಿ ಸಣ್ಣ ಅಕ್ಷರದೋಷ. ಈ ಪರೀಕ್ಷೆಯಲ್ಲಿ ಅವರು ತಪ್ಪಿಹೋಗುತ್ತಾರೆ. ವರದಿ ಸರಿಯಿದೆ ಎಂದು ಬಂದಿದ್ದರೂ ಮಗುವಿನ ಕೈಕಾಲು ಜೋತುಬಿದ್ದಂತಿದ್ದರೆ ಇಡೀ ಜೀನನ್ನು ಓದಿಸಬೇಕು.