ನಟ ಗೆದ್ದ ಆಂಧ್ರ, ನಟ ನಿಲ್ಲದ ಕರ್ನಾಟಕ: ಎಂಬತ್ತರ ದಶಕದ ಕಥೆ

[ಪರದೆಯ ಮೇಲೆ: 1983 ಜನವರಿ 9, ಹೈದರಾಬಾದ್. ನಂತರ: 1983 ಜನವರಿ 10, ಬೆಂಗಳೂರು.]

ನಮಸ್ಕಾರ. ಒಂದೇ ಒಂದು ದಿನದ ಅಂತರದಲ್ಲಿ ಅಕ್ಕಪಕ್ಕದ ಎರಡು ರಾಜ್ಯಗಳಲ್ಲಿ ಇಬ್ಬರು ಮುಖ್ಯಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ಹೈದರಾಬಾದಿನಲ್ಲಿ ಎನ್.ಟಿ. ರಾಮರಾವ್. ತೆರೆಯ ಮೇಲೆ ರಾಮ, ಕೃಷ್ಣ ಎಲ್ಲ ಆಗಿ ಮುಗಿಸಿದ್ದ ನಟ. 1982ರ ಮಾರ್ಚ್‌ನಲ್ಲಿ ಪಕ್ಷ ಕಟ್ಟಿ, ಹಳೆಯ ಷವರ್ಲೆ ವ್ಯಾನೊಂದನ್ನು ರಥ ಮಾಡಿಕೊಂಡು ಊರೂರು ಸುತ್ತಿ, ವರ್ಷ ತುಂಬುವುದರೊಳಗೆ ಗದ್ದುಗೆ ಹಿಡಿದರು. ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದ ಕಡೆಯವರು, ಮಾತು ಮೆದು, ಲೆಕ್ಕ ಪಕ್ಕಾ. ಪ್ರಮಾಣವಚನ ಸ್ವೀಕರಿಸಿದ ದಿನ ಅವರು ವಿಧಾನಸಭೆಯ ಸದಸ್ಯರೂ ಆಗಿರಲಿಲ್ಲ.

ಎರಡೂ ಕಡೆ ರಾಜ್ಯ ರಚನೆಯಾದ ಮೇಲೆ ಕಾಂಗ್ರೆಸ್ ಸೋತದ್ದು ಅದೇ ಮೊದಲು. ಅತ್ತ ಮದರಾಸಿನಲ್ಲಿ ಎಂ.ಜಿ. ರಾಮಚಂದ್ರನ್ 1977ರಿಂದಲೇ ಆಳುತ್ತಿದ್ದರು. ಅಂದರೆ ನಮ್ಮ ಎರಡು ಮಗ್ಗುಲಲ್ಲೂ ನಟರೇ ಮುಖ್ಯಮಂತ್ರಿಗಳು.

ಇಲ್ಲಿ ಒಂದು ಸೋಜಿಗವಿದೆ. ಆ ಚುನಾವಣೆಗೆ ಕೆಲವೇ ತಿಂಗಳ ಮುಂಚೆ ಕರ್ನಾಟಕದ ಬೀದಿಗಳಲ್ಲಿ ಯಾವ ಪಕ್ಷವೂ ಸೇರಿಸಲಾಗದಷ್ಟು ಜನರನ್ನು ಸೇರಿಸಿದ್ದವರು ಒಬ್ಬ ನಟ. ಡಾ. ರಾಜ್‌ಕುಮಾರ್. ಅವರು ಪಕ್ಷ ಕಟ್ಟಲಿಲ್ಲ, ಚುನಾವಣೆಗೆ ನಿಲ್ಲಲಿಲ್ಲ. ಆದರೆ ಆಳುತ್ತಿದ್ದ ಪಕ್ಷ ಸೋತಿತು. ಇದು ಹೇಗೆ?

[ದೃಶ್ಯ: ಮಲಪ್ರಭಾ ಕಾಲುವೆ, ಎರೆಮಣ್ಣಿನ ಹೊಲ.]

1980ರ ಜನವರಿಗೆ ಹೋಗೋಣ. ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ರಾಜ್ಯದ 28ರಲ್ಲಿ 27 ಸ್ಥಾನ. ಇಂದಿರಾ ಅವರನ್ನು ಬಿಟ್ಟು ಹೊರನಡೆದಿದ್ದ ದೇವರಾಜ ಅರಸು ರಾಜೀನಾಮೆ ಕೊಟ್ಟರು, ಕೊಡಗಿನ ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ವಿರೋಧ ಪಕ್ಷ ಎಂಬುದು ಹೆಸರಿಗೆ ಮಾತ್ರ ಉಳಿದಿತ್ತು. ಹೀಗಾದಾಗ ವಿರೋಧ ಬೇರೆ ಎಲ್ಲಾದರೂ ಹುಟ್ಟಲೇಬೇಕು. ಹುಟ್ಟಿತು, ಒಂದಲ್ಲ, ನಾಲ್ಕು ಕಡೆ.

ಮೊದಲನೆಯದು ನರಗುಂದ, ನವಲಗುಂದ. ಮಲಪ್ರಭಾ ಅಣೆಕಟ್ಟಿನ ಅಚ್ಚುಕಟ್ಟು ಪ್ರದೇಶ. ನೀರು ಬಂದರೆ ಜಮೀನಿನ ಬೆಲೆ ಏರುತ್ತದೆ, ಆ ಏರಿಕೆಯಲ್ಲಿ ನಮಗೂ ಪಾಲು ಕೊಡಿ ಎಂದು ಸರ್ಕಾರ ಹಾಕಿದ್ದು ಬೆಟರ್‌ಮೆಂಟ್ ಲೆವಿ. ಕಾಲುವೆಯ ನೀರು ಸರಿಯಾಗಿ ತಲುಪದ ಹೊಲಕ್ಕೂ ನೋಟಿಸು ಮಾತ್ರ ತಪ್ಪದೆ ತಲುಪಿತು. ಹತ್ತಿಯ ಧಾರಣೆ ಬಿದ್ದಿತ್ತು. 1980ರ ಜುಲೈ 21ರಂದು ಗೋಲಿಬಾರ್ ಆಯಿತು, ರೈತರು ಸತ್ತರು. ಇಂದಿಗೂ ಪ್ರತಿ ವರ್ಷ ಆ ದಿನ ನರಗುಂದದಲ್ಲಿ ರೈತ ಹುತಾತ್ಮರ ದಿನ ನಡೆಯುತ್ತದೆ. ಆ ಕಿಚ್ಚಿನಿಂದಲೇ ರಾಜ್ಯ ರೈತ ಸಂಘ ಮೂಡಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅದರ ಮುಂದಾಳುಗಳು. ಹೆಗಲ ಮೇಲಿನ ಹಸಿರು ಶಾಲು ಒಂದು ಗುರುತಾಯಿತು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ನಿಂತವು. ಸಾಲಕ್ಕೆ ಬ್ಯಾಂಕು ಜಪ್ತಿ ಮಾಡಿದ್ದನ್ನು ರೈತರು ಗುಂಪಾಗಿ ಹೋಗಿ ವಾಪಸು ತಂದರು. ಅದಕ್ಕೆ ಮರುಜಪ್ತಿ ಎಂಬ ಹೆಸರೂ ಬಂತು.

ಎರಡನೆಯದು ಬೆಂಗಳೂರಿನ ಕಾರ್ಖಾನೆಗಳು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್. 1980ರ ಡಿಸೆಂಬರ್‌ನಲ್ಲಿ ಶುರುವಾದ ಸಾರ್ವಜನಿಕ ಉದ್ದಿಮೆಗಳ ಮುಷ್ಕರ 77 ದಿನ ನಡೆಯಿತು. ಒಂದು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೊರಗಿದ್ದರು. ಹೇಳಿಕೊಳ್ಳುವಂಥ ಗೆಲುವು ಸಿಗಲಿಲ್ಲ. ಆದರೆ ಅದೇ ಕಾರ್ಖಾನೆಗಳ ಒಳಗೆ ಕನ್ನಡ ಸಂಘಗಳಿದ್ದವು, ರಾಜ್ಯೋತ್ಸವಕ್ಕೆ ಬಾವುಟ ಏರಿಸುವ ಹುಡುಗರಿದ್ದರು. ಕೆಂಪು ಬಾವುಟದ ಮುಷ್ಕರ ಸೋತ ಮೇಲೆ ಹಳದಿ ಕೆಂಪು ಬಾವುಟದ ಹಿಂದೆ ಜನ ಹೆಚ್ಚಾದರು ಎಂಬುದು ನನ್ನ ಓದು. ಇದನ್ನು ಒಪ್ಪದವರಿದ್ದಾರೆ, ಇರಲಿ.

[ದೃಶ್ಯ: ಕಪ್ಪು ಬಿಳುಪಿನ ವಾರಪತ್ರಿಕೆಯ ಮುಖಪುಟ, ಪೆಟ್ಟಿಗೆ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿದ್ದು.]

ಮೂರನೆಯದು ಒಂದು ಪತ್ರಿಕೆ. 1980ರಲ್ಲೇ ಸಾಹಿತಿ ಪಿ. ಲಂಕೇಶ್ ‘ಲಂಕೇಶ್ ಪತ್ರಿಕೆ’ ತಂದರು. ಜಾಹೀರಾತು ಬೇಡ ಎಂದ ಪತ್ರಿಕೆ. ಓದುಗ ಕೊಡುವ ಕಾಸಿನಲ್ಲೇ ಬದುಕಬೇಕು, ಹಾಗಾಗಿ ಓದುಗನಿಗೆ ಮಾತ್ರ ಜವಾಬು. ಮುಖ್ಯಮಂತ್ರಿ ಗುಂಡೂರಾಯರನ್ನು ಅದು ‘ಗುಂ’ ಎಂದು ಕರೆಯಿತು. ಎರಡೇ ಅಕ್ಷರದಷ್ಟೂ ಇಲ್ಲದ ಆ ಹೆಸರು ಮಾಡಿದ ಕೆಲಸವನ್ನು ನೂರು ಸಂಪಾದಕೀಯಗಳು ಮಾಡಲಾರವು. ಅಲ್ಲಿಯವರೆಗೆ ಕನ್ನಡ ಪತ್ರಿಕೆಗಳಲ್ಲಿ ಮುಖ್ಯಮಂತ್ರಿಗಳು ‘ಮಾನ್ಯ’ರು. ಈಗ ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಜನ ಅವರ ಬಗ್ಗೆ ನಗುತ್ತ ಮಾತಾಡಿದರು. ನಗೆಗೆ ಈಡಾದ ಅಧಿಕಾರಕ್ಕೆ ಭಯ ಹುಟ್ಟಿಸುವುದು ಕಷ್ಟ. ಅದೇ ಪುಟಗಳಲ್ಲಿ ಕತೆ, ಕವಿತೆ, ಸಿನಿಮಾ ವಿಮರ್ಶೆಯೂ ಇರುತ್ತಿದ್ದವು. ರಾಜಕೀಯ ಓದಲು ಬಂದವನು ಸಾಹಿತ್ಯ ಓದಿಕೊಂಡು ಹೋದ, ಸಾಹಿತ್ಯಕ್ಕೆ ಬಂದವನು ಶಾಸಕರ ಕರ್ಮಕಾಂಡ ಓದಿಕೊಂಡು ಹೋದ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು.

[ಪರದೆಯ ಮೇಲೆ: ಗೋಕಾಕ್ ವರದಿ. 150 ಅಂಕ.]

ಗೋಕಾಕ್ ಚಳವಳಿ ಎಂದರೆ ಕನ್ನಡಾಭಿಮಾನ ಎಂದಷ್ಟೇ ಹೇಳಿ ಮುಗಿಸುವವರು ಹೆಚ್ಚು. ಅದರ ಹುರುಳು ತಿಳಿಯಬೇಕಾದರೆ ಆ ಕಾಲದ ಪ್ರೌಢಶಾಲೆಗೆ ಹೋಗಬೇಕು. ಎಂಟನೇ ತರಗತಿಗೆ ಸೇರುವ ಮಗು ಪ್ರಥಮ ಭಾಷೆ ಯಾವುದೆಂದು ಬರೆಯಬೇಕು. ಆ ಪಟ್ಟಿಯಲ್ಲಿ ಸಂಸ್ಕೃತವೂ ಇತ್ತು. ಸಂಸ್ಕೃತದ ಪ್ರಶ್ನೆಗಳಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಬರೆಯಬಹುದು, ಅಂಕಗಳು ಧಾರಾಳ. ಎಸ್‌ಎಸ್‌ಎಲ್‌ಸಿಯಲ್ಲಿ ನಾಲ್ಕು ಅಂಕ ಹೆಚ್ಚು ಬೇಕೆಂಬ ಮನೆಯವರು ಏನು ಬರೆಸುತ್ತಾರೆ? ಹೀಗಾಗಿ ಕರ್ನಾಟಕದಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡವನ್ನೇ ಆಡುವ ಹುಡುಗನೂ ಪ್ರೌಢಶಾಲೆಯಲ್ಲಿ ಒಂದಕ್ಷರ ಕನ್ನಡ ಓದದೆ ಪಾಸಾಗಬಹುದಿತ್ತು. ವಿವಾದ ಎದ್ದಾಗ ಸರ್ಕಾರ 1980ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1981ರ ಆರಂಭದಲ್ಲಿ ವರದಿ ಬಂತು: ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆ, ಅದಕ್ಕೆ 150 ಅಂಕ, ಉಳಿದ ಭಾಷೆಗಳಿಗೆ ನೂರು ನೂರು.

ವರದಿ ಕಡತದೊಳಗೆ ಮಲಗಿತು. ಧಾರವಾಡದಲ್ಲಿ ಸಾಹಿತಿಗಳು ಎದ್ದರು. ಚಂದ್ರಶೇಖರ ಪಾಟೀಲ, ಪಾಟೀಲ ಪುಟ್ಟಪ್ಪ ಮೊದಲಾದವರು ಸಭೆ, ಧರಣಿ ನಡೆಸಿದರು. ಬೆಂಗಳೂರಿನಲ್ಲಿ ಚಿದಾನಂದಮೂರ್ತಿಗಳಂಥ ವಿದ್ವಾಂಸರು ಬೀದಿಗಿಳಿದರು. ಸಾಹಿತಿಗಳ ಧರಣಿ ಎಂದರೆ ಗೊತ್ತಲ್ಲ: ಮಾತು ಚೆನ್ನಾಗಿರುತ್ತದೆ, ಶಾಮಿಯಾನ ಚಿಕ್ಕದಿರುತ್ತದೆ. ಸರ್ಕಾರ ಕಾಯುತ್ತ ಕೂತಿತು.

1982ರಲ್ಲಿ ರಾಜ್‌ಕುಮಾರ್ ಬಂದರು. ಜೊತೆಗೆ ಚಿತ್ರರಂಗವೇ ಬಂತು. ಕನ್ನಡ ಚಿತ್ರರಂಗದ ಬಹುಪಾಲು ಕೆಲಸ ಮದರಾಸಿನ ಸ್ಟುಡಿಯೋಗಳಲ್ಲಿ ನಡೆದು ಬಂದಿತ್ತು, ರಾಜ್ ಕುಟುಂಬ ಬಹುಕಾಲ ಅಲ್ಲೇ ನೆಲೆಸಿತ್ತು ಎಂಬುದು ನೆನಪಿರಲಿ. ತಮಿಳು, ತೆಲುಗು, ಹಿಂದಿ ಚಿತ್ರಗಳ ನಡುವೆ ತಮ್ಮದೇ ರಾಜ್ಯದಲ್ಲಿ ಚಿತ್ರಮಂದಿರಕ್ಕಾಗಿ ಪರದಾಡಿದ ಉದ್ಯಮ ಅದು. ಭಾಷೆಯ ಪ್ರಶ್ನೆ ಅವರಿಗೆ ಬರೀ ಭಾವನೆಯಾಗಿರಲಿಲ್ಲ, ಅನ್ನವೂ ಆಗಿತ್ತು. ಕಲಾವಿದರು ಊರಿಂದ ಊರಿಗೆ ಹೋದರು. ‘ಅಭಿಮಾನಿ ದೇವರು’ಗಳು ಹೊಲ, ಅಂಗಡಿ, ಶಾಲೆ ಬಿಟ್ಟು ಬಂದರು. ನಾಯಕನಟನನ್ನು ನೋಡಲು ಬಂದವರೇ ಬಹಳ ಮಂದಿ, ಅದರಲ್ಲಿ ಮುಚ್ಚುಮರೆ ಏನು? ಆದರೆ ನೋಡಲು ಬಂದವರು ಕೇಳಿಸಿಕೊಂಡು ಹೋದದ್ದು 150 ಅಂಕಗಳ ಮಾತನ್ನು. ಶಿಕ್ಷಣ ಇಲಾಖೆಯ ಒಂದು ತಾಂತ್ರಿಕ ಶಿಫಾರಸು ಸಂತೆಯ ಮಾತಾಯಿತು. 1982ರ ಜುಲೈ 20ರಂದು ಸರ್ಕಾರ ಕನ್ನಡವನ್ನು ಪ್ರಥಮ ಭಾಷೆಯಾಗಿಸುವ ಆದೇಶ ಹೊರಡಿಸಿತು. (1989ರಲ್ಲಿ ಹೈಕೋರ್ಟ್, ಭಾಷಾ ಅಲ್ಪಸಂಖ್ಯಾತರ ಅರ್ಜಿಯ ಮೇಲೆ, ಅದರ ಕಡ್ಡಾಯದ ಭಾಗಗಳನ್ನು ರದ್ದು ಮಾಡಿತು. ಚಳವಳಿಯ ಭಾಷಣಗಳಲ್ಲಿ ಈ ಉತ್ತರಾರ್ಧ ಅಷ್ಟಾಗಿ ಬರುವುದಿಲ್ಲ. ಉರ್ದು, ತಮಿಳು, ತೆಲುಗು ಮನೆಮಾತಿನ ಮಕ್ಕಳ ಅಳುಕು ಸುಳ್ಳೇನೂ ಆಗಿರಲಿಲ್ಲ.)

[ದೃಶ್ಯ: ಖಾಲಿ ವೇದಿಕೆ, ಧ್ವನಿವರ್ಧಕ.]

ಈಗ ಮೂಲ ಪ್ರಶ್ನೆಗೆ ಬರೋಣ. ಇಷ್ಟು ಜನ ಹಿಂದೆ ನಿಂತಿದ್ದಾಗ ರಾಜ್‌ಕುಮಾರ್ ಏಕೆ ಪಕ್ಷ ಕಟ್ಟಲಿಲ್ಲ?

ಅವರ ಸ್ವಭಾವ ಎನ್ನುವುದು ಸುಲಭದ ಉತ್ತರ. ಅದರಲ್ಲಿ ನಿಜವೂ ಇದೆ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತಾಗ ಅವರೆದುರು ರಾಜ್ ಅವರನ್ನು ನಿಲ್ಲಿಸುವ ಪ್ರಯತ್ನ ನಡೆದಿತ್ತು, ಅವರು ತಪ್ಪಿಸಿಕೊಂಡರು ಎಂದು ಮನೆಯವರೇ ಹೇಳಿದ್ದಾರೆ. ಆದರೆ ಸ್ವಭಾವವೊಂದೇ ಸಾಕಾಗದು. ತಮಿಳುನಾಡಿನಲ್ಲಿ ಸಿನಿಮಾ ಮತ್ತು ಪಕ್ಷ ಒಂದೇ ಮನೆಯಲ್ಲಿ ಬೆಳೆದವು. ಅಣ್ಣಾದುರೈ, ಕರುಣಾನಿಧಿ ಇಬ್ಬರೂ ಚಿತ್ರಕಥೆ ಬರೆದವರು. ಎಂಜಿಆರ್ ತೆರೆಯ ಮೇಲೆ ಆಡಿದ ಮಾತಿನಲ್ಲಿ ಪಕ್ಷದ ಮಾತೂ ಇರುತ್ತಿತ್ತು. ಆಂಧ್ರದಲ್ಲಿ ಕಾಂಗ್ರೆಸ್ ಹೈಕಮಾಂಡ್ ಮುಖ್ಯಮಂತ್ರಿಗಳನ್ನು ಅಂಗಿ ಬದಲಿಸಿದಂತೆ ಬದಲಿಸಿತ್ತು, ರಾಮರಾವ್ ಅದನ್ನೇ ತೆಲುಗರ ಆತ್ಮಗೌರವದ ಪ್ರಶ್ನೆ ಮಾಡಿದರು. ಆ ಜಾಗ ಅಲ್ಲಿ ಖಾಲಿ ಇತ್ತು.

ಕರ್ನಾಟಕದಲ್ಲಿ ಜಾಗ ಖಾಲಿ ಇರಲಿಲ್ಲ. ರೈತರಿಗೆ ರೈತ ಸಂಘವಿತ್ತು. ಎಪ್ಪತ್ತರ ದಶಕದಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟಿ, ಸಿದ್ದಲಿಂಗಯ್ಯನವರ ಹಾಡುಗಳು ಕೇರಿಕೇರಿಗಳಲ್ಲಿ ಹಬ್ಬಿದ್ದವು. ಬರಹಗಾರರಿಗೆ ಬಂಡಾಯ ಸಂಘಟನೆಯಿತ್ತು. ಅಧಿಕಾರ ಬೇಕೆಂದವರಿಗೆ ಜನತಾ ಪಕ್ಷವಿತ್ತು, ಅರಸು ಕಟ್ಟಿ ಬಂಗಾರಪ್ಪ ಮುನ್ನಡೆಸಿದ ಕ್ರಾಂತಿರಂಗವಿತ್ತು. ಇಷ್ಟೆಲ್ಲ ಸಿಟ್ಟನ್ನು ಒಬ್ಬನೇ ನಾಯಕನ ಕಟೌಟಿನ ಕೆಳಗೆ ಕೂಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಚಳವಳಿಗಳು ಕಾಂಗ್ರೆಸ್ಸಿನ ಬುಡ ಸಡಿಲಿಸಿದವು, ಹಣ್ಣು ಉದುರಿದ್ದು ಮಾತ್ರ ಜನತಾ ಪಕ್ಷದ ಮಡಿಲಿಗೆ. 224 ಸ್ಥಾನಗಳಲ್ಲಿ ಜನತಾ ಕೂಟಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18. ಬಿಜೆಪಿ ಹೊರಗಿನಿಂದ ಬೆಂಬಲಿಸಿತು. ಮುಖ್ಯಮಂತ್ರಿ ಪದವಿಗೆ ಕಾದಿದ್ದ ಬಂಗಾರಪ್ಪನವರಿಗೆ ಸಿಕ್ಕಿದ್ದು ನಿರಾಶೆ.

[ದೃಶ್ಯ: ಹಳ್ಳಿಯ ಕೈಪಂಪು, ಸಾಲುಗಟ್ಟಿದ ಬಿಂದಿಗೆಗಳು.]

ಹೆಗಡೆ ತೆರೆಯ ಮೇಲೆ ಇರಲಿಲ್ಲ, ಆದರೆ ತಮ್ಮ ಚಿತ್ರ ಹೇಗೆ ಕಾಣಬೇಕೆಂಬುದು ಅವರಷ್ಟು ಬಲ್ಲವರು ಆ ಕಾಲದ ರಾಜಕಾರಣದಲ್ಲಿ ಕಡಿಮೆ. ‘ಮೌಲ್ಯಾಧಾರಿತ ರಾಜಕಾರಣ’ ಎಂಬ ಮಾತನ್ನು ಚಲಾವಣೆಗೆ ತಂದರು. 1984ರ ಡಿಸೆಂಬರ್‌ನಲ್ಲಿ, ಇಂದಿರಾ ಹತ್ಯೆಯ ಬೆನ್ನಿಗೆ ನಡೆದ ಲೋಕಸಭಾ ಚುನಾವಣೆಯಲ್ಲಿ, ಕಾಂಗ್ರೆಸ್ 28ರಲ್ಲಿ 24 ಗೆದ್ದಿತು. ಜನಾದೇಶ ಹೋಯಿತು ಎಂದು ಹೆಗಡೆ ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದೆಹಲಿಗೆ ರಾಜೀವ್, ಬೆಂಗಳೂರಿಗೆ ಹೆಗಡೆ. ಮತದಾರ ಎರಡು ಚುನಾವಣೆಗಳನ್ನು ಬೇರೆ ಬೇರೆಯಾಗಿ ತೂಗುತ್ತಾನೆ ಎಂದು ಪಂಡಿತರು ಇಂದು ಹೇಳುವಾಗ ಮೊದಲು ಎತ್ತುವ ಉದಾಹರಣೆಗಳಲ್ಲಿ ಇದೂ ಒಂದು.

ಆ ಸರ್ಕಾರದ ದೊಡ್ಡ ಕೆಲಸ ಮಾತ್ರ ಹೆಗಡೆಯವರ ಹೆಸರಿಗಿಂತ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಹೆಸರಿಗೆ ಸೇರಬೇಕು. ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದರು. 1983ರ ಕಾಯಿದೆಯ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು, ಶೇ 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ದೇಶದ ಪಂಚಾಯತಿಗಳಿಗೆಲ್ಲ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೆ ಇನ್ನೂ ವರ್ಷಗಳಿದ್ದವು.

[ದೃಶ್ಯ: ಆಗುಂಬೆಯ ಹಳೆಯ ದೊಡ್ಡಮನೆ. ನಂತರ ಆಟೋದ ಹಿಂಬದಿಯ ಚಿತ್ರ.]

ಆ ಸರ್ಕಾರದ ಆಸುಪಾಸಿನಲ್ಲೇ ಇದ್ದ ಇನ್ನೊಬ್ಬ ನಟ ಶಂಕರ್‌ನಾಗ್. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ರಾಜ್ಯೋತ್ಸವದ ದಿನ. ಐದಾರು ವರ್ಷಗಳಲ್ಲಿ ಇಡೀ ದೇಶದ ಟಿವಿಯಲ್ಲಿ, ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ, ಆಗುಂಬೆಯ ಬೀದಿ ‘ಮಾಲ್ಗುಡಿ’ಯಾಗಿ ಕಾಣಿಸಿತು, ನಿರ್ದೇಶನ ಅವರದು. 1985ರ ‘ಆಕ್ಸಿಡೆಂಟ್’ ಚಿತ್ರದಲ್ಲಿ ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಹತ್ತಿಸಿ ಫುಟ್‌ಪಾತಿನಲ್ಲಿ ಮಲಗಿದವರನ್ನು ಕೊಲ್ಲುತ್ತಾನೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಮೆಟ್ರೊ ಮಾರ್ಗವೊಂದು ಉದ್ಘಾಟನೆಯಾದಾಗಲೆಲ್ಲ ಶಂಕರ್‌ನಾಗ್ ಕಂಡ ಕನಸು ಎಂಬ ಮಾತು ಮೊಬೈಲುಗಳಲ್ಲಿ ಹರಿದಾಡುತ್ತದೆ. ನನಗೆ ಮುಖ್ಯವೆನಿಸುವುದು ಬೇರೆ: ಜನತಾ ಪಕ್ಷಕ್ಕೆ ಹತ್ತಿರವಿದ್ದವರೇ ಅಧಿಕಾರಸ್ಥರ ಮನೆಯ ಮಗನನ್ನು ಖಳನಾಗಿಸಿ ಚಿತ್ರ ಮಾಡಿದರು. ಅಂಥ ಸಲುಗೆ ಆ ದಶಕದಲ್ಲಿತ್ತು.

ಮುಂದಿನದು ಬೇಗ ಮುಗಿಯುತ್ತದೆ. 1986ರಲ್ಲಿ ಅರಕ್ (ಸಾರಾಯಿ) ಬಾಟ್ಲಿಂಗ್ ಗುತ್ತಿಗೆಯ ಬಗ್ಗೆ ಹೈಕೋರ್ಟ್ ಛೀಮಾರಿ ಹಾಕಿತು; ಹೆಗಡೆ ರಾಜೀನಾಮೆ ಕೊಟ್ಟು ಕೆಲವೇ ದಿನಗಳಲ್ಲಿ ಹಿಂಪಡೆದರು. 1988ರಲ್ಲಿ ಫೋನ್ ಕದ್ದಾಲಿಕೆ ಹಗರಣದಲ್ಲಿ ನಿಜವಾಗಿಯೇ ಹೋದರು. ಎಸ್.ಆರ್. ಬೊಮ್ಮಾಯಿ ಬಂದರು, ಬಹುಮತ ಸಾಬೀತುಪಡಿಸಲು ಸದನದಲ್ಲಿ ಅವಕಾಶವೇ ಸಿಗದೆ 1989ರ ಏಪ್ರಿಲ್‌ನಲ್ಲಿ ವಜಾ ಆದರು. ಬಹುಮತ ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ಪ್ರಕರಣದಲ್ಲಿ. 1989ರ ಕೊನೆಯಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದು ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಮರಳಿತು. ಮುಂದೆ ಹಸಿರು ಶಾಲಿನ ನಂಜುಂಡಸ್ವಾಮಿಯೂ ವಿಧಾನಸಭೆಗೆ ಆಯ್ಕೆಯಾದರು.

ದೊಡ್ಡ ನಾಯಕನಟರು ಸ್ಪರ್ಧಿಸಿ ಗೆದ್ದದ್ದು ಇದಾದ ಮೇಲೆ. ಅನಂತ್‌ನಾಗ್ 1994ರಲ್ಲಿ ಮಲ್ಲೇಶ್ವರದಿಂದ, ಅಂಬರೀಷ್ 1998ರಲ್ಲಿ ಮಂಡ್ಯದಿಂದ. ಅವರನ್ನು ಪಕ್ಷಗಳು ಕರೆದುಕೊಂಡವು, ಅವರು ಪಕ್ಷ ಕಟ್ಟಲಿಲ್ಲ. ಆ ಲೆಕ್ಕ ಬೇರೆ, ಅದನ್ನು ತೊಂಬತ್ತರ ದಶಕದ ಕಂತಿನಲ್ಲಿ ನೋಡೋಣ.