ಕರೆಂಟ್ ಹೋದಾಗಲೂ ನಿಲ್ಲಬಾರದ ಸುದ್ದಿ

ಕೇಳುಗರೇ, ನಮಸ್ಕಾರ.

ಶರಾವತಿಯಲ್ಲಿ ತಯಾರಾದ ಕರೆಂಟ್ ಬೆಂಗಳೂರಿಗೆ ಬರುವುದು ನಮಗೆಲ್ಲ ಗೊತ್ತು. ಅದರ ಜೊತೆಗೇ ಸುದ್ದಿಯೂ ಬರುತ್ತಿರಬೇಕು. ಯಾವ ಲೈನಿನಲ್ಲಿ ಎಷ್ಟು ಲೋಡ್ ಇದೆ, ಯಾವ ಬ್ರೇಕರ್ (ಲೈನ್ ಕಡಿಯುವ ದೊಡ್ಡ ಸ್ವಿಚ್) ಟ್ರಿಪ್ ಆಯಿತು, ಎಲ್ಲಿ ವೋಲ್ಟೇಜ್ ಕುಸಿಯಿತು ಎಂಬ ಸುದ್ದಿ. ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಕೂತವರು ಇದನ್ನು ನೋಡಿಕೊಂಡೇ ಗ್ರಿಡ್, ಅಂದರೆ ಕರೆಂಟಿನ ಇಡೀ ಜಾಲವನ್ನು ನಡೆಸುತ್ತಾರೆ.

ಈ ಸುದ್ದಿ ಎಷ್ಟೋ ವರ್ಷ ಕರೆಂಟಿನ ತಂತಿಯ ಮೇಲೆಯೇ ಓಡಾಡಿತು. ದೊಡ್ಡ ಸಬ್‌ಸ್ಟೇಷನ್ ಪಕ್ಕ ಹೋಗುವಾಗ ಗಮನಿಸಿ. ಲೈನ್ ಒಳಗೆ ಬರುವ ಕಡೆ ಡ್ರಮ್ಮಿನಂಥ ಒಂದು ಸುರುಳಿ ಕಾಣುತ್ತದೆ. ಅದು ವೇವ್ ಟ್ರ್ಯಾಪ್. 50 ಹರ್ಟ್ಸ್ ಕರೆಂಟನ್ನು ಒಳಗೆ ಬಿಡುತ್ತದೆ, ಮಾತು ಹೊತ್ತ ಹೈ ಫ್ರೀಕ್ವೆನ್ಸಿಯನ್ನು ತಡೆದು ಫೋನಿನ ಯಂತ್ರದ ಕಡೆ ತಿರುಗಿಸುತ್ತದೆ. ಪಿಎಲ್‌ಸಿಸಿ, ಅಂದರೆ ಪವರ್ ಲೈನ್ ಕ್ಯಾರಿಯರ್ ಕಮ್ಯುನಿಕೇಷನ್ ಅಂತ ಇದರ ಹೆಸರು. ಊರಿಗೇ ಟೆಲಿಫೋನ್ ಇಲ್ಲದ ಕಾಲದಲ್ಲೂ ಕಾಡಿನ ನಡುವಿನ ಸ್ಟೇಷನ್‌ಗಳು ಹೀಗೆ ಮಾತಾಡಿಕೊಂಡವು. ಬಹಳ ಜಾಣತನದ ಏರ್ಪಾಟು. ಆದರೆ ದಾರಿ ಕಿರಿದು. ಒಂದು ಮಾತುಕತೆ, ಸ್ವಲ್ಪ ಮಾಹಿತಿ, ಅಷ್ಟೇ.

ಈಗ ಟವರಿನ ತುದಿ ನೋಡಿ. ಸಿಡಿಲಿನಿಂದ ಕಾಪಾಡಲು ಎಳೆದ ಅರ್ತ್ ವೈರ್ ಇರುತ್ತದೆ. ಹೊಸ ಬಗೆಯ ಅರ್ತ್ ವೈರಿನ ಹೊಟ್ಟೆಯಲ್ಲಿ ತೆಳುವಾದ ಗಾಜಿನ ಎಳೆಗಳಿವೆ, ಅಂದರೆ ಆಪ್ಟಿಕಲ್ ಫೈಬರ್. ಸುದ್ದಿ ಬೆಳಕಾಗಿ, ಬಹಳ ವೇಗದಲ್ಲಿ ಅದರೊಳಗೆ ಓಡುತ್ತದೆ. ಇದೇ ಒಪಿಜಿಡಬ್ಲ್ಯು, ಆಪ್ಟಿಕಲ್ ಗ್ರೌಂಡ್ ವೈರ್. ರಸ್ತೆ ಅಗೆಯುವ ಜೆಸಿಬಿಗೆ ಅದು ಸಿಗುವುದಿಲ್ಲ. ಹೊಸದಾಗಿ ಜಾಗವೂ ಬೇಡ.

ಇಷ್ಟೊಂದು ವೇಗ ಯಾಕೆ ಬೇಕು? 2012ರ ಜುಲೈ 30ರ ನಡುರಾತ್ರಿ ದಾಟಿದ ಮೇಲೆ, 2 ಗಂಟೆ 33 ನಿಮಿಷಕ್ಕೆ, ಬೀನಾ–ಗ್ವಾಲಿಯರ್ 400 ಕಿಲೋವೋಲ್ಟ್ ಲೈನ್ ಟ್ರಿಪ್ ಆಯಿತು. ನೋಡನೋಡುತ್ತ ಇಡೀ ಉತ್ತರ ಭಾರತ ಕತ್ತಲಾಯಿತು. ಮರುದಿನ ಪೂರ್ವ, ಈಶಾನ್ಯ ಭಾಗಗಳೂ ಸೇರಿಕೊಂಡವು. ಆಗ ನಮ್ಮ ದಕ್ಷಿಣದ ಗ್ರಿಡ್ ಬೇರೆಯೇ ಇತ್ತು, ಬಚಾವಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನ್ ನಮ್ಮನ್ನೂ ಜೋಡಿಸಿತು. ಅಲ್ಲಿಂದ ಮುಂದೆ ದೂರದ ಏಟು ನಮಗೂ ತಾಗಬಹುದು, ಅಲ್ವಾ? ದೂರದ ಸ್ಟೇಷನ್‌ಗಳ ಮೇಲೆ ಕಣ್ಣಿಡುವ ಹಳೆಯ ಸ್ಕಾಡಾ ವ್ಯವಸ್ಥೆ ಕೆಲವು ಸೆಕೆಂಡಿಗೊಮ್ಮೆ ಲೆಕ್ಕ ತರುತ್ತದೆ. ವೋಲ್ಟೇಜ್, ಕರೆಂಟ್ ಅಳೆಯುವ ಪಿಎಂಯು ಎಂಬ ಯಂತ್ರ ಸೆಕೆಂಡಿಗೆ 25 ಸಲ, ಉಪಗ್ರಹದ ಗಡಿಯಾರ ನೋಡಿ ಸಮಯ ಬರೆದು ಕಳಿಸುತ್ತದೆ. ಅದನ್ನು ಹೊರಲು ಫೈಬರ್ ಬೇಕೇ ಬೇಕು.

ಆದರೆ ವೇಗಕ್ಕಿಂತ ಜಾಸ್ತಿ ನನಗೆ ಮುಖ್ಯ ಅನಿಸುವುದು ಇನ್ನೊಂದು. ಕರೆಂಟ್ ಹೋದ ದಿನವೇ ಈ ಸುದ್ದಿ ಜಾಲದ ನಿಜವಾದ ಕೆಲಸ ಶುರು. ಮೊಬೈಲ್ ಟವರ್‌ಗೂ ಕರೆಂಟೇ ಗತಿ. ಬ್ಯಾಟರಿ, ಡೀಸೆಲ್ ಮುಗಿದರೆ ಅದೂ ಸುಮ್ಮನಾಗುತ್ತದೆ. ಹಾಗಾಗಿ ವಿದ್ಯುತ್ ಕಂಪನಿಗೆ ತನ್ನದೇ ದಾರಿ ಬೇಕು, ಅದೂ ಎರಡು ದಿಕ್ಕಿನಿಂದ. ಸಂಪರ್ಕ ಯಂತ್ರಗಳನ್ನು ನಡೆಸುವ ಸ್ಟೇಷನ್ನಿನ 48 ವೋಲ್ಟ್ ಬ್ಯಾಟರಿಯನ್ನು ಯಾರಾದರೂ ತಪ್ಪದೆ ಪರೀಕ್ಷಿಸುತ್ತಿರಬೇಕು.

ಕಳ್ಳದಾರಿಯ ಭಯವೂ ಇದೆ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿತರಣಾ ಕಂಪನಿಗಳ ಕಂಪ್ಯೂಟರಿಗೆ ಹೊರಗಿನವರು ನುಗ್ಗಿ, ದೂರದಿಂದಲೇ ಬ್ರೇಕರ್‌ಗಳನ್ನು ತೆರೆದರು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಸ್ಟೇಷನ್ನಿಗೆ ಆದೇಶ ಕಳಿಸುವ ಸಂಪರ್ಕ ಯಂತ್ರಗಳನ್ನೂ ಕೆಡಿಸಿದ್ದರು. ಸಿಬ್ಬಂದಿ ಸ್ಟೇಷನ್ನಿಗೇ ಹೋಗಿ ಕೈಯಲ್ಲಿ ಬ್ರೇಕರ್ ಹಾಕಿದರು. ಕೆಲವೇ ಗಂಟೆಗಳಲ್ಲಿ ಕರೆಂಟ್ ವಾಪಸ್ ಬಂತು. ಎಲ್ಲವನ್ನೂ ಪರದೆಗೆ ಒಪ್ಪಿಸಿ, ಕೈಕೆಲಸ ಬಲ್ಲವರನ್ನು ಕಡಿಮೆ ಮಾಡುವ ಮುಂಚೆ ಇದನ್ನು ನೆನೆಯಬೇಕು.

ನಮ್ಮ ಲೈನ್‌ಮನ್ ಕಂಬ ಹತ್ತುವ ಮುಂಚೆ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ತಗೊಳ್ಳುತ್ತಾರೆ. ಸ್ಟೇಷನ್ ಆಪರೇಟರ್ ಫೀಡರ್ ಆಫ್ ಮಾಡಿದೆ ಎಂದು ಹೇಳಿದ ಮೇಲೆಯೇ ಕೆಲಸ. ಮಲೆನಾಡಿನ ಮಳೆಯಲ್ಲಿ ಫೋನ್ ಸಿಗದಿದ್ದರೆ, ಅಥವಾ ಅರ್ಧ ಮಾತು ಕೇಳಿಸಿದರೆ, ಜೀವಕ್ಕೇ ಕುತ್ತು. ದೊಡ್ಡ ಸ್ಟೇಷನ್‌ಗಳಿಗೆ ಫೈಬರ್ ಹಾಕುವ ಯೋಜನೆಯಲ್ಲೇ ಇವರ ಕೈಗೂ ಒಂದು ಒಳ್ಳೆಯ ವೈರ್‌ಲೆಸ್ ಸೆಟ್ ಸೇರಿಸಲಿ ಎಂದು ನನ್ನ ಕೋರಿಕೆ.

ನಮಸ್ಕಾರ.