ಪೇಂಟ್‌ಬಾಲ್: ಬಂದೂಕಿನ ಮಾತು ಸಾಕು, ಗುಂಡಿನ ಮಾತಾಡೋಣ

ಎಲ್ಲರಿಗೂ ನಮಸ್ಕಾರ. ಉಡುಪಿಯ ಈ ಜಡಿಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬ ಸಂತೋಷ. ಬಾಗಿಲ ಪಕ್ಕದ ಮೇಜಿನ ಮೇಲೆ ಎರಡು ಬಟ್ಟಲು ಇಟ್ಟಿದ್ದೇನೆ. ಒಂದಕ್ಕೆ ಬಿಗಿ ಮುಚ್ಚಳ ಇದೆ, ಇನ್ನೊಂದು ಬೆಳಿಗ್ಗೆ ಏಳು ಗಂಟೆಯಿಂದ ತೆರೆದೇ ಇದೆ. ಎರಡರಲ್ಲೂ ಒಂದೇ ಚೀಲದಿಂದ ತೆಗೆದ ಹತ್ತತ್ತು ಪೇಂಟ್‌ಬಾಲ್, ಅಂದರೆ ಎದುರಾಳಿಗೆ ತಗುಲಿದರೆ ಒಡೆದು ಬಣ್ಣ ಮೆತ್ತುವ ಆಟದ ಗುಂಡು. ಸದ್ಯಕ್ಕೆ ಯಾರೂ ಮುಟ್ಟಬೇಡಿ.

ಇಲ್ಲಿರುವ ಹಿರಿಯರಲ್ಲಿ ಹಲವರು ಚಿಕ್ಕಂದಿನಲ್ಲಿ ಬಿದಿರಿನ ಪೆಟ್ಲ ಹೊಡೆದಿರುತ್ತೀರಿ. ಕೊಳವೆಗೆ ಒಂದು ಹಸಿ ಕಾಯಿ ತುರುಕಿ, ಹಿಂದಿನಿಂದ ಇನ್ನೊಂದನ್ನು ಕೋಲಿನಲ್ಲಿ ನೂಕಿದರೆ ನಡುವೆ ಸಿಕ್ಕ ಗಾಳಿ ಮುಂದಿನ ಕಾಯಿಯನ್ನು ಪಟ್ಟನೆ ಹಾರಿಸುತ್ತದೆ. ಕಾಯಿ ಸಣ್ಣದಾದರೆ ಗಾಳಿ ಸೋರಿ ಬರೀ ಪುಸ್ ಅನ್ನುತ್ತದೆ. ದೊಡ್ಡದಾದರೆ ಒಳಗೇ ಜಜ್ಜಿಹೋಗುತ್ತದೆ. ಯಾವ ಗಿಡದ ಕಾಯಿ, ಎಷ್ಟು ಬಲಿತದ್ದು ಅಂತ ಆರಿಸುವುದರಲ್ಲೇ ಹುಡುಗರ ಜಾಣ್ಮೆ ಇರುತ್ತಿತ್ತು. ಪೇಂಟ್‌ಬಾಲ್ ಹೊಡೆಯುವ ಬಂದೂಕು, ಅಂದರೆ ಮಾರ್ಕರ್, ಕೆಲಸ ಮಾಡುವುದೂ ಹೀಗೆಯೇ: ಸಿಲಿಂಡರಿನಲ್ಲಿ ಒತ್ತಿಟ್ಟ ಗಾಳಿ, ಒಂದು ನಳಿಗೆ, ಅದರೊಳಗೆ ಸರಿಯಾಗಿ ಕೂರಬೇಕಾದ ಗುಂಡು. ಉಡುಪಿ ಬಳಿಯ ಒಂದು ಸಣ್ಣ ಮೈದಾನದ ಉಸ್ತುವಾರಿ ನನ್ನದು. ಬರುವವರೆಲ್ಲ ಮೊದಲು ಕೇಳುವುದು ‘ಯಾವ ಗನ್ ಕೊಡ್ತೀರಿ?’ ಅಂತ. ಗುಂಡು ಯಾವುದು ಅಂತ ಕೇಳಿದವರನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ದೂರ, ಗುರಿ, ಆಟದ ಸ್ವಾರಸ್ಯ, ಈ ಮೂರನ್ನೂ ಹೆಚ್ಚಾಗಿ ತೀರ್ಮಾನಿಸುವುದು ಗುಂಡೇ ಅನ್ನುವುದು ನನ್ನ ಅನುಭವ. ಅದನ್ನು ಇವತ್ತು ನಿಮಗೆ ತೋರಿಸಬೇಕು.

ಮೊದಲು ಸಾಮಾನ್ಯ ಬಾಲ್ ನೋಡೋಣ. 0.68 ಕ್ಯಾಲಿಬರ್, ಅಂದರೆ ಅಡ್ಡಳತೆ ಸುಮಾರು 17.3 ಮಿಲಿಮೀಟರ್. ತೂಕ ಮೂರು ಗ್ರಾಂ. ಹೊರಗೆ ಜಿಲೆಟಿನ್ ಸಿಪ್ಪೆ, ಒಳಗೆ ಪಾಲಿಎಥಿಲೀನ್ ಗ್ಲೈಕಾಲ್‌ನಲ್ಲಿ ಕಲಸಿದ ಬಣ್ಣ. ಮೆಡಿಕಲ್‌ನಲ್ಲಿ ಸಿಗುವ ಮೀನೆಣ್ಣೆ ಕ್ಯಾಪ್ಸೂಲ್ ನೋಡಿದ್ದೀರಲ್ಲ, ಅದರ ದೊಡ್ಡಣ್ಣ ಇದು. ಎರಡು ಜಿಲೆಟಿನ್ ಹಾಳೆಗಳನ್ನು ತಿರುಗುವ ಅಚ್ಚುಗಳ ನಡುವೆ ಒತ್ತಿ, ಅದೇ ಕ್ಷಣ ಒಳಗೆ ದ್ರವ ತುಂಬಿ ಅಂಚು ಬೆಸೆಯುವ ಯಂತ್ರವನ್ನು ರಾಬರ್ಟ್ ಪೌಲಿ ಶೇರರ್ ಅಮೆರಿಕದ ಡೆಟ್ರಾಯಿಟ್‌ನಲ್ಲಿ 1933ರಲ್ಲಿ ಮಾಡಿದ. ಔಷಧಕ್ಕೆಂದು ಹುಟ್ಟಿದ ಅದೇ ವಿಧಾನದಲ್ಲಿ ಪೇಂಟ್‌ಬಾಲ್ ತಯಾರಾಗುತ್ತದೆ. ಜಿಲೆಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ. ಹೋದ ವರ್ಷ ಒಬ್ಬ ಹುಡುಗ ಮಾಸ್ಕ್ ಹಾಕಿಕೊಳ್ಳುವ ಮೊದಲು ಇದನ್ನು ಕೇಳಿದ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅವನು ಆಡಲಿಲ್ಲ. ಕೇಳಿದವರಿಗೆ ನಿಜ ಹೇಳಲೇಬೇಕು.

ಈ ಬಾಲ್ ನಳಿಗೆ ಬಿಡುವಾಗಿನ ವೇಗಕ್ಕೆ ಸಾಮಾನ್ಯವಾಗಿ ಒಪ್ಪಿದ ಮಿತಿ ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್. ಅದಕ್ಕಿಂತ ಕಡಿಮೆ ಇಡುವ ಮೈದಾನಗಳೂ ಬೇಕಾದಷ್ಟಿವೆ. ಕಣ್ಣಿನ ಮಾಸ್ಕ್‌ಗಳನ್ನು ಪರೀಕ್ಷಿಸುವುದು ಈ ವೇಗವನ್ನು ಲೆಕ್ಕಕ್ಕಿಟ್ಟುಕೊಂಡೇ, ಹಾಗಾಗಿ ವೇಗ ಹೆಚ್ಚಿಸಿ ದೂರ ಗಳಿಸುವ ದಾರಿ ಮುಚ್ಚಿದಂತೆಯೇ. ಇನ್ನು ಗಾಳಿಯ ಕೆಲಸ. ನಾನು ಲೆಕ್ಕ ಹಾಕಿ ನೋಡಿದ್ದೇನೆ: ನಳಿಗೆಯಿಂದ ಹೊರಬಿದ್ದ ಗಳಿಗೆಯಲ್ಲಿ ಗಾಳಿಯ ತಡೆ ಬಾಲ್‌ನ ತೂಕದ ಹದಿನೆಂಟು ಪಟ್ಟಿನಷ್ಟಿರುತ್ತದೆ. 30 ಮೀಟರ್ ಹೋಗುವಷ್ಟರಲ್ಲಿ ವೇಗ ಅರ್ಧಕ್ಕಿಳಿಯುತ್ತದೆ, ಹೊಡೆತದ ಶಕ್ತಿ ಕಾಲು ಭಾಗಕ್ಕೆ. ಅಷ್ಟು ದೂರಕ್ಕೆ ಸುಮಾರು ಅರ್ಧ ಸೆಕೆಂಡು ಬೇಕು, ಆ ಹೊತ್ತಿಗೆ ಬಾಲ್ ಹೆಚ್ಚುಕಮ್ಮಿ ಒಂದು ಮೀಟರ್ ಕೆಳಗೆ ಬಿದ್ದಿರುತ್ತದೆ.

ಇದಾದರೂ ಪರವಾಗಿಲ್ಲ, ಬೀಳುವುದನ್ನು ಊಹಿಸಿ ಮೇಲಕ್ಕೆ ಗುರಿ ಇಡಬಹುದು. ಪಕ್ಕಕ್ಕೆ ಹೊರಳಿದರೆ ಏನು ಮಾಡುವುದು? ನಮ್ಮ ಕರಾವಳಿಯಲ್ಲಿ ವಾಲಿಬಾಲ್ ಆಡದ ಊರಿಲ್ಲ. ಫ್ಲೋಟರ್ ಸರ್ವಿಸ್ ಎದುರಿಸಿದವರಿಗೆ ಗೊತ್ತು, ಒಂದಿಷ್ಟೂ ತಿರುಗದೆ ಬರುವ ಚೆಂಡು ಕೊನೇ ಗಳಿಗೆಯಲ್ಲಿ ಎತ್ತ ಜಾರುತ್ತದೆ ಅಂತ ಹೇಳಲಾಗದು. ಚೆಂಡಿನ ಬೆನ್ನ ಹಿಂದೆ ಏಳುವ ಗಾಳಿಯ ಸುಳಿಗಳು ಸಮನಾಗಿ ಬಿಡಿಸಿಕೊಳ್ಳುವುದಿಲ್ಲ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎಳೆಯುತ್ತವೆ. ನುಣುಪಾದ ಪೇಂಟ್‌ಬಾಲ್‌ಗೂ ಇದೇ ಗತಿ, ಮೇಲಿಂದ ಬೆಸುಗೆಯ ಗೆರೆ ಬೇರೆ. ಆ ಗೆರೆ ಯಾವ ಕಡೆ ತಿರುಗಿ ಕೂತಿದೆ ಅನ್ನುವುದು ಪ್ರತಿ ಸಲ ಬೇರೆಬೇರೆ. ಗಾಲ್ಫ್ ಚೆಂಡಿನ ಮೈಮೇಲಿನ ಗುಳಿಗಳು ಗಾಳಿಯನ್ನು ಮೈಗಂಟಿಸಿ ಇನ್ನಷ್ಟು ಹಿಂದಕ್ಕೆ ಒಯ್ಯುತ್ತವೆ, ಅದರಿಂದ ತಡೆ ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಮೆತ್ತಗಿನ ಜಿಲೆಟಿನ್‌ಗೆ ಆ ಭಾಗ್ಯವಿಲ್ಲ. ನಳಿಗೆಯೊಳಗೆ ಬಂದೂಕಿನ ಹಾಗೆ ಸುರುಳಿ ಗೆರೆ ಕೊರೆದರೂ ದುಂಡು ಬಾಲ್‌ಗೆ ಹೆಚ್ಚು ಪ್ರಯೋಜನವಿಲ್ಲ: ಸಿಪ್ಪೆ ತಿರುಗುತ್ತದೆ, ಒಳಗಿನ ದ್ರವ ಹಿಂದುಳಿದು ಆ ತಿರುಗುವಿಕೆಯನ್ನು ತಿಂದುಹಾಕುತ್ತದೆ. ಬಾಗಿದ ನಳಿಗೆಯಿಂದ ಬಾಲ್‌ಗೆ ಹಿಮ್ಮುಖ ಸ್ಪಿನ್ ಕೊಡುವ ಉಪಾಯವೂ ಇದೆ. ಅದರಿಂದ ಬಾಲ್ ಬೇಗ ಬೀಳದೆ ದೂರ ತೇಲುತ್ತದೆ, ಆದರೆ ಗುರಿ ಸೂಕ್ಷ್ಮವಾಗುವುದಿಲ್ಲ.

ಹಾಗಾಗಿ ಆಕಾರವನ್ನೇ ಬದಲಿಸಿದರು. ಫಸ್ಟ್ ಸ್ಟ್ರೈಕ್ ಅನ್ನುವ ಗುಂಡಿನ ಮುಂಭಾಗ ಬಣ್ಣ ತುಂಬಿದ ದುಂಡು ತಲೆ, ಹಿಂಭಾಗ ಪೊಳ್ಳಾದ ಲಂಗ, ಲಂಗದ ಮೇಲೆ ಓರೆಯಾದ ರೆಕ್ಕೆಗಳು. ಶಟಲ್ ಕಾಕ್ ನೆನಪಿಸಿಕೊಳ್ಳಿ. ಭಾರ ಮುಂದೆ, ಹಗುರ ಹಿಂದೆ, ಹೇಗೆ ಹೊಡೆದರೂ ತಲೆ ಮುಂದಾಗಿಯೇ ಹೋಗುತ್ತದೆ. ಓರೆ ರೆಕ್ಕೆಗಳಿಂದ ಹಾರುತ್ತಲೇ ಸುತ್ತುತ್ತದೆ, ಬೆನ್ನ ಹಿಂದಿನ ಸುಳಿ ಅದನ್ನು ಅತ್ತಿತ್ತ ಎಳೆಯಲಾರದು. ಸಾಮಾನ್ಯ ಬಾಲ್ 30, 40 ಮೀಟರ್ ದಾಟಿದ ಮೇಲೆ ಹಣೆಬರಹದ ಆಟ. ಇದು ಅದರಾಚೆಗೂ ಇಟ್ಟ ಗುರಿಗೆ ಹೋಗಿ ತಗಲುತ್ತದೆ.

ಬೆಲೆ ಸಾಮಾನ್ಯ ಬಾಲ್‌ನ ಹಲವು ಪಟ್ಟು, ಅದಿರಲಿ. ಆಟ ಬದಲಾಗುವುದು ಇನ್ನೊಂದು ಕಾರಣಕ್ಕೆ. ದುಂಡು ಬಾಲ್‌ಗಳನ್ನು ಹಾಪರ್‌ಗೆ, ಅಂದರೆ ಮಾರ್ಕರ್ ಮೇಲಿನ ಡಬ್ಬಿಗೆ, ಇನ್ನೂರು ಸುರಿದುಬಿಡಬಹುದು, ಹೇಗೆ ಉರುಳಿದರೂ ಒಂದೇ. ರೆಕ್ಕೆಯ ಗುಂಡಿಗೆ ಹಿಂದುಮುಂದು ಇದೆ, ಅದಕ್ಕೆ ಮ್ಯಾಗಜೀನ್‌ನಲ್ಲಿ ಒಂದೊಂದಾಗಿ ಜೋಡಿಸಬೇಕು. ಸೆಕೆಂಡಿಗೆ ಹತ್ತರ ಆಸುಪಾಸು ಸುರಿಮಳೆ ಹರಿಸುತ್ತಿದ್ದ ಕೈ ಈಗ ಒಂದೊಂದನ್ನೂ ಎಣಿಸಿ ಹೊಡೆಯುತ್ತದೆ. ಆಟಗಾರ ಉಸಿರು ಹಿಡಿದು ಕಾಯಲು ಕಲಿಯುತ್ತಾನೆ. ಇದು ಒಳ್ಳೆಯ ಬದಲಾವಣೆ ಅಂತ ನಾನು ಒಪ್ಪುತ್ತೇನೆ. ಆದರೆ ಎದುರು ಬದಿಯವನಿಗೆ? ಮರದಿಂದ ಮರಕ್ಕೆ ಓಡಿ ಹತ್ತಿರ ಬರುವ ಧೈರ್ಯ ಅವನು ಮಾಡುತ್ತಿದ್ದುದು 40 ಮೀಟರ್ ಆಚೆ ತಾನು ಕ್ಷೇಮ ಅನ್ನುವ ನಂಬಿಕೆಯಿಂದ. ಆ ನಂಬಿಕೆ ಹೋದರೆ ಹೊಸಬರು ಅಡಗಿದ ಬಂಕರ್ ಬಿಟ್ಟು ಏಳುವುದೇ ಇಲ್ಲ. ಜೊತೆಗೆ, ಈ ಗುಂಡು ದೂರದಲ್ಲೂ ವೇಗ ಉಳಿಸಿಕೊಂಡಿರುವುದರಿಂದ ತಗುಲಿದಾಗ ಪೆಟ್ಟೂ ಜೋರು. ಹಾಗಾಗಿ ನಮ್ಮ ಮೈದಾನದಲ್ಲಿ ತಂಡಕ್ಕೊಬ್ಬರಿಗೆ ಮಾತ್ರ ಅದನ್ನು ಕೊಡುತ್ತೇವೆ, ಹತ್ತಿರದಿಂದ ಹೊಡೆಯುವಂತಿಲ್ಲ.

1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಕಾಡಿನಲ್ಲಿ ಹನ್ನೆರಡು ಜನ ಮೊದಲ ಸಲ ಈ ಆಟ ಆಡಿದರು. ಕೈಯಲ್ಲಿದ್ದದ್ದು ನೆಲ್‌ಸ್ಪಾಟ್ 007, ಅರಣ್ಯದವರು ಮರಗಳಿಗೆ ಗುರುತು ಹಾಕುವ ಬಣ್ಣದ ಪಿಸ್ತೂಲು. ಗೆದ್ದವನು ರಿಚೀ ವೈಟ್, ಅರಣ್ಯದಲ್ಲೇ ಕೆಲಸ ಮಾಡುವವನು. ಒಂದೇ ಒಂದು ಗುಂಡು ಹಾರಿಸದೆ, ಯಾರ ಕಣ್ಣಿಗೂ ಬೀಳದೆ, ಗೆಲ್ಲಲು ಬೇಕಾದ ಬಾವುಟಗಳನ್ನು ಒಟ್ಟುಮಾಡಿದ. ಹೊಸ ಗುಂಡು ಬಂದಾಗಲೆಲ್ಲ ನನಗೆ ಆತ ನೆನಪಾಗುತ್ತಾನೆ.

ಚಿಕ್ಕ ಗುಂಡಿನ ಬಗ್ಗೆ ಎರಡೇ ಮಾತು. 0.50 ಕ್ಯಾಲಿಬರ್ ಬಾಲ್ ತೂಗುವುದು 1.2 ಗ್ರಾಂ ಆಸುಪಾಸು. ಹಗುರವಾದ್ದರಿಂದ ಗಾಳಿಗೆ ಬೇಗ ಸೋಲುತ್ತದೆ, ದೂರದಲ್ಲಿ ಒಡೆಯದೆ ಪುಟಿಯುವುದೂ ಉಂಟು. ಮಕ್ಕಳ ಆಟಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ನೋವು ತೀರ ಕಡಿಮೆ.

ಈಗ ಊರಿನ ವಿಷಯ. ಆಟಿ ತಿಂಗಳಲ್ಲಿ ಹಲಸಿನ ಹಪ್ಪಳದ ಡಬ್ಬಿ ಮುಚ್ಚಳ ಹಾಕಲು ಮರೆತರೆ ಏನಾಗುತ್ತದೆ ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜಿಲೆಟಿನ್ ಕೂಡ ಹಾಗೇ ಗಾಳಿಯ ತೇವ ಕುಡಿಯುತ್ತದೆ. ಮೂರು ವರ್ಷದ ಹಿಂದೆ ಜೂನ್‌ನಲ್ಲಿ ನಾನು ಎರಡು ಸಾವಿರ ಬಾಲ್‌ಗಳ ಒಂದು ಪೆಟ್ಟಿಗೆ ಒಡೆದು, ಚೀಲದ ಬಾಯಿ ಕಟ್ಟದೆ ಮನೆಗೆ ಹೋಗಿಬಿಟ್ಟೆ. ನಾಲ್ಕು ದಿನ ಬಿಟ್ಟು ಬಂದರೆ ಬಾಲ್‌ಗಳು ಒಂದಕ್ಕೊಂದು ಅಂಟಿವೆ, ಅಡಿಯಲ್ಲಿದ್ದವು ಚಪ್ಪಟೆಯಾಗಿವೆ. ವರ್ನಿಯರ್ ಹಿಡಿದು ಅಳೆದೆ: ಒಂದೇ ಬಾಲ್ ಒಂದು ಕಡೆ 17.2, ಅಡ್ಡ ತಿರುಗಿಸಿದರೆ 17.7. ನಳಿಗೆಯಲ್ಲಿ ಪೆಟ್ಲದ ದೊಡ್ಡ ಕಾಯಿಯ ಕತೆಯೇ. ಐದಕ್ಕೆ ಒಂದು ಒಳಗೇ ಒಡೆಯಿತು. ಹೊರಬಂದವು ಹತ್ತು ಮೀಟರ್‌ಗೇ ಬಾಳೆಕಾಯಿಯ ಹಾಗೆ ಬಾಗಿದವು. ಮೈಗೆ ತಗುಲಿದವು ಒಡೆಯದೆ ಪುಟಿದು, ಬಣ್ಣದ ಬದಲು ಬರೀ ಬಾಸುಂಡೆ ಬಿಟ್ಟುಹೋದವು. ಅವತ್ತು ಆಡಲು ಬಂದವರ ದುಡ್ಡು ವಾಪಸ್ ಕೊಟ್ಟೆ. ಎಷ್ಟು ದುಬಾರಿ ನಳಿಗೆ ಹಾಕಿದ್ದರೂ ಆ ದಿನ ಉಳಿಯುತ್ತಿರಲಿಲ್ಲ.

ಅಂದಿನಿಂದ ಚೀಲಗಳು ಗಾಳಿಯಾಡದ ಡಬ್ಬಿಯಲ್ಲಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್. ಎರಡು ಮೂರು ದಿನಕ್ಕೊಮ್ಮೆ ಡಬ್ಬಿ ಮಗುಚಿ ಇಡುತ್ತೇನೆ, ಇಲ್ಲದಿದ್ದರೆ ಅಡಿಯ ಬಾಲ್‌ಗಳು ಚಪ್ಪಟೆಯಾಗುತ್ತವೆ. ಫ್ರಿಜ್ ಬೇಡ, ಚಳಿಗೆ ಸಿಪ್ಪೆ ಸೆಟೆದು ನಳಿಗೆಯಲ್ಲೇ ಒಡೆಯುತ್ತದೆ. ಬೆವರು ಕೈಯಲ್ಲಿ ಮುಷ್ಟಿ ತುಂಬ ಎತ್ತಬೇಡಿ, ಬೆರಳಿನ ಗುರುತು ಬೀಳುತ್ತದೆ.

ಸರಿ, ಈಗ ಎದ್ದು ಬನ್ನಿ. ಮುಚ್ಚಿದ ಬಟ್ಟಲಿನಿಂದ ಒಂದು, ತೆರೆದ ಬಟ್ಟಲಿನಿಂದ ಒಂದು, ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ವರ್ನಿಯರ್ ಕೂಡ ಅಲ್ಲೇ ಇದೆ, ಅಡ್ಡ ಉದ್ದ ಎರಡೂ ಅಳೆದು ಹಲಗೆಯ ಮೇಲೆ ಬರೆಯಿರಿ.